ಅಜ್ಜನ ಮುಖ, ಖಾಲಿ ಕೊಟ್ಟಿಗೆ

ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿದ ಜಿಲ್ಲೆ ನಮ್ಮದು. ಆದರೂ ಸಿನಿಮಾ ಎಡಿಟಿಂಗ್ ಅಂದರೆ ಬೇಡದ್ದನ್ನು ಕತ್ತರಿಸಿ ಎಸೆಯುವ ಕೆಲಸ ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಅಡಿಕೆ ಸುಲಿದ ಹಾಗೆ, ಸಿಪ್ಪೆ ಆಚೆ, ಅಡಿಕೆ ಈಚೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಕತ್ತರಿ ಯಾರು ಬೇಕಾದರೂ ಹಾಕಬಹುದು ಸ್ವಾಮಿ, ಯಾವುದರ ಪಕ್ಕ ಯಾವುದನ್ನು ಅಂಟಿಸಬೇಕು ಅನ್ನುವುದೇ ವಿದ್ಯೆ.

ಕಳೆದ ಮಳೆಗಾಲ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಅಜ್ಜ ಜಗಲಿಯ ಕಂಬಕ್ಕೆ ಒರಗಿ ಹೊರಗೆ ನೋಡುತ್ತಿದ್ದರು. ಬಾಯಲ್ಲಿ ಕವಳ, ಮುಖದಲ್ಲಿ ಏನೂ ಇಲ್ಲ. ಮೊಬೈಲಿನಲ್ಲಿ ಹತ್ತು ಸೆಕೆಂಡು ಹಿಡಿದೆ. ಅದಕ್ಕೆ ಒಂದು ಸಲ ಕಾವಲಿಯ ಮೇಲಿನ ಅಕ್ಕಿ ರೊಟ್ಟಿ ಸೇರಿಸಿದೆ. ಇನ್ನೊಂದು ಸಲ ಖಾಲಿ ಕೊಟ್ಟಿಗೆ, ಗೂಟದಲ್ಲಿ ಜೋತಾಡುವ ಹಗ್ಗ. ಮೊದಲನೆಯದನ್ನು ನೋಡಿದ ಚಿಕ್ಕಮ್ಮ "ಪಾಪ, ಹಸಿದಿದ್ದಾರೆ" ಎಂದರು. ಎರಡನೆಯದನ್ನು ನೋಡಿದ ಅತ್ತೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಗೌರಿ ಸತ್ತ ಮೇಲೆ ಅಪ್ಪಯ್ಯ ಹೀಗೇ ಕೂತಿರ್ತಾರೆ" ಎಂದರು. ಅಜ್ಜನನ್ನೇ ಕೇಳಿದೆ. "ಲೈನ್‌ಮನ್ ಬಂದ್ನಾ ಅಂತ ನೋಡ್ತಿದ್ದೆ ಮಾರಾಯ!"

ಇದು ನನ್ನ ತಲೆಯಿಂದ ಬಂದದ್ದಲ್ಲ. ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆಯೇ ಮಾಡಿದ್ದರು. ನಟ ಮೋಜುಖಿನ್ ಅವರ ಒಂದೇ ಮುಖ. ಅದರ ಜೊತೆ ಸೂಪಿನ ತಟ್ಟೆ, ಶವಪೆಟ್ಟಿಗೆಯಲ್ಲಿ ಹೆಂಗಸು, ಆಟವಾಡುವ ಮಗು. ನೋಡಿದವರು ಎಂಥ ಅಭಿನಯ ಎಂದು ಹೊಗಳಿದರು ಅಂತ ಕುಲೆಶೋವ್ ಅವರ ಶಿಷ್ಯ ಪುಡೋವ್‌ಕಿನ್ ಬರೆದಿದ್ದಾರೆ. ಆ ರೀಲು ಮಾತ್ರ ಉಳಿದಿಲ್ಲ.

ಅಜ್ಜನ ಕವಳವನ್ನೇ ನೋಡಿ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ತುಟಿ ಕೆಂಪಾಗಿದ್ದು ಹೇಗೆ? ಜಗಿದಾಗ ಹುಟ್ಟಿದ ಬಣ್ಣ ಅದು. (ಪ್ರಜ್ಞೆ ಹುಟ್ಟುವುದೂ ಹೀಗೇ ಎಂದು ಚಾರ್ವಾಕರು ಇದೇ ಎಲೆ ಅಡಿಕೆ ತೋರಿಸಿ ವಾದಿಸುತ್ತಿದ್ದರು. ಆ ಜಗಳ ಈಗ ಬೇಡ.) ಅಜ್ಜನ ಮುಖ, ಆ ಹಗ್ಗ, ಎರಡೂ ಸುಮ್ನೆ ಇದ್ದವು. ಜಗಿದವರು ಅತ್ತೆ.

ಇನ್ನು, ಒಂದು ಫ್ರೇಮಿನಲ್ಲಿ ಜಗಲಿ, ಮುಂದಿನದರಲ್ಲೇ ಕೊಟ್ಟಿಗೆ. ತಲೆ ತಿರುಗಬೇಕಿತ್ತು ಅಲ್ವಾ? ಯಕ್ಷಗಾನದಲ್ಲಿ ವೇಷಧಾರಿ ರಂಗದಲ್ಲಿ ಒಂದು ಸುತ್ತು ಹಾಕಿದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದಾಯಿತು. ಆ ರೂಢಿ ನಮಗಿದೆ. ಕಣ್ಣಿಗೂ ಇದೆ. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ತಕ್ಷಣ ಬಲಗಣ್ಣು ನೋಡಿ. ಗುಡ್ಡೆ ಹೊರಳಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ! ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಹೀಗೆ ಜಿಗಿಯುತ್ತದೆ. ಜಿಗಿಯುವಾಗಿನ ಮಸುಕನ್ನು ಮಿದುಳು ನಮಗೆ ತಿಳಿಯದಂತೆ ಅಡಗಿಸಿಬಿಡುತ್ತದೆ. ಅದಕ್ಕೇ ಪಾತ್ರ ಆಚೆ ತಿರುಗಿ ನೋಡಿದ ಗಳಿಗೆಯಲ್ಲಿ ಎಡಿಟರ್ ಕಟ್ ಮಾಡಿದರೆ ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಕಣ್ಣೂ ಅಷ್ಟರಲ್ಲಿ ಆ ಕಡೆ ಹೊರಟಿರುತ್ತದೆ.

ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಲೈನ್‌ಮನ್ ಕತೆ ಅಪ್ಪಯ್ಯ ಸುಮ್ನೆ ಹೇಳಿದ್ದು ಎಂದರು.