ತಿಳಿನೀರಿನಲ್ಲಿ ಮೀನು ಸಾಯುವುದೇಕೆ? ಟೆಸ್ಟ್ ಕಿಟ್ ಕೊಡುವ ಉತ್ತರ

ಹೊಸ ಅಕ್ವೇರಿಯಂನಲ್ಲಿ ಎರಡನೆಯ ವಾರಕ್ಕೇ ಮೀನು ಸತ್ತರೆ, ಮನೆಗೆ ಬರಬೇಕಿದ್ದ ಗಂಡಾಂತರವನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಯಿತೆಂದು ನಂಬುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅರೋವಾನಾ, ಫ್ಲವರ್‌ಹಾರ್ನ್ ಮೀನುಗಳು ವಾಸ್ತುವಿನ ಹೆಸರಿನಲ್ಲಿಯೇ ಮಾರಾಟವಾಗುತ್ತವೆ. ಈ ನಂಬಿಕೆಯಿಂದಾಗುವ ಕೆಡುಕೇನೆಂದರೆ, ಹುಡುಕುವ ಮೊದಲೇ ಕಾರಣ ಸಿಕ್ಕಿಬಿಟ್ಟಂತಾಗಿ, ಅದೇ ನೀರಿಗೆ ಇನ್ನೊಂದು ಮೀನನ್ನು ತಂದು ಬಿಡಲಾಗುತ್ತದೆ. ಆ ತೊಟ್ಟಿಯ 5 ಮಿಲಿಲೀಟರ್ ನೀರನ್ನು ಪ್ರನಾಳಕ್ಕೆ ತೆಗೆದುಕೊಂಡು ಟೆಸ್ಟ್ ಕಿಟ್‌ನಲ್ಲಿ ಬರುವ ಕಾರಕದ (ಬಣ್ಣ ಬದಲಿಸಿ ಉತ್ತರ ಕೊಡುವ ರಾಸಾಯನಿಕದ) ಕೆಲವು ಹನಿ ಬೆರೆಸಿದ್ದರೆ, ಐದಾರು ನಿಮಿಷಗಳಲ್ಲಿ ಅದು ಹಸಿರಾಗಿ, ಮೀನನ್ನು ಕೊಂದದ್ದು ಅಮೋನಿಯ ಎಂಬುದು ಗೊತ್ತಾಗುತ್ತಿತ್ತು. ಅಮೋನಿಯ ಹುಟ್ಟುವುದು ಮೀನಿನ ತ್ಯಾಜ್ಯದಿಂದ, ತೊಟ್ಟಿಯ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುತ್ತವೆ.

ನೀರು ತಿಳಿಯಾಗಿದೆ ಎಂಬುದು ಇಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ, ಏಕೆಂದರೆ ಅಮೋನಿಯ, ನೈಟ್ರೈಟ್, ನೈಟ್ರೇಟ್ ಮೂರಕ್ಕೂ ಬಣ್ಣವಿಲ್ಲ. ಕುಡಿಯುವ ನೀರಿಗೆಂದು ಕೊಂಡ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ) ಮೀಟರನ್ನು ತೊಟ್ಟಿಗೆ ಅದ್ದಿ ನೀರು ಚೆನ್ನಾಗಿದೆ ಎಂದು ತೀರ್ಮಾನಿಸುವುದೂ ಅಷ್ಟೇ ತಪ್ಪು. ಆ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಸುಣ್ಣದಂಶವೇ ನೂರಾರು ಅಂಕಗಳಷ್ಟು ಇರುವ ಕೊಳವೆಬಾವಿ ನೀರಿನಲ್ಲಿ, ಮೀನನ್ನು ಕೊಲ್ಲಬಲ್ಲ ಒಂದೆರಡು ಮಿಲಿಗ್ರಾಂ ಅಮೋನಿಯ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಕೈಯಲ್ಲಿರುವ ಹಣಕ್ಕೆ ಒಂದೇ ಕಿಟ್ ಬರುವುದಾದರೆ ಅದು ಅಮೋನಿಯದ್ದಾಗಿರಲಿ. ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವುದು ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಕಿಟ್ ಆದರೂ ನನ್ನ ಅಭಿಪ್ರಾಯ ಇದೇ. ಆದರೆ ಅಮೋನಿಯದ ಅಂಕಿಯನ್ನು ಪಿಎಚ್ ಇಲ್ಲದೆ ಅರ್ಥಮಾಡಿಕೊಳ್ಳಲಾಗದು ಎಂಬುದೂ ನಿಜ. ಕಿಟ್ ತೋರಿಸುವುದು ಒಟ್ಟು ಅಮೋನಿಯವನ್ನು. ಅದರಲ್ಲಿ ನಿರುಪದ್ರವಿಯೆನ್ನಬಹುದಾದ ಅಮೋನಿಯಂ ಅಯಾನು ಮತ್ತು ಕಿವಿರುಗಳ ಮೂಲಕ ಒಳನುಗ್ಗುವ ವಿಷಕಾರಿ ಅಮೋನಿಯ ಎರಡೂ ಸೇರಿರುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ವಿಷಕಾರಿ ರೂಪದ ಪಾಲು ಶೇ. 1ರಷ್ಟೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ಶೇ. 5ರಷ್ಟಾಗುತ್ತದೆ, 9ರಲ್ಲಿ ಮೂರನೆಯ ಒಂದು ಭಾಗವನ್ನೂ ಮೀರುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರಿನಲ್ಲಿ ತಾಳಿಕೊಂಡ ಮೀನು ಬಯಲುಸೀಮೆಯ ಗಡಸು ನೀರಿನಲ್ಲಿ, ಅದೇ ಒಟ್ಟು ಅಮೋನಿಯ ಇದ್ದರೂ, ಸಾಯುವುದಕ್ಕೆ ಇದೇ ಕಾರಣ.

ಅಮೋನಿಯ ಕಿಟ್‌ಗಳಲ್ಲಿ ಎರಡು ಬಗೆ. ಹಳೆಯದು ಜರ್ಮನಿಯ ರಸಾಯನ ವಿಜ್ಞಾನಿ ಯೂಲಿಯಸ್ ನೆಸ್ಲರ್ 1856ರಲ್ಲಿ ಪ್ರಕಟಿಸಿದ ಪಾದರಸದ ಕಾರಕವನ್ನು ಬಳಸುವಂಥದ್ದು, ಅಮೋನಿಯ ಇದ್ದರೆ ಹಳದಿಯಿಂದ ಕಂದಿನವರೆಗೆ ಬಣ್ಣ ಬರುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ನಾವು ಹಾಕುವ ದ್ರಾವಣಗಳು ಈ ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ, ಮೇಲಾಗಿ ಪಾದರಸವನ್ನು ಮನೆಯ ಮೋರಿಗೆ ಚೆಲ್ಲುವುದು ತರವಲ್ಲ. ಹೊಸದು ಸ್ಯಾಲಿಸಿಲೇಟ್ ವಿಧಾನದ್ದು, ಹಳದಿಯಿಂದ ಹಸಿರಿಗೆ ತಿರುಗುವಂಥದ್ದು. ಇದನ್ನೇ ಕೇಳಿ ಕೊಳ್ಳಬೇಕು. ಅದ್ದಿ ತೆಗೆಯುವ ಪಟ್ಟಿಗಳು ಅವಸರದ ನೋಟಕ್ಕೆ ಸರಿ, ಆದರೆ ಅನೇಕ ಪಟ್ಟಿಗಳಲ್ಲಿ ಅಮೋನಿಯದ ಚೌಕವೇ ಇರುವುದಿಲ್ಲ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಮಳೆಗಾಲದ ತೇವಕ್ಕೆ ಅವು ಬೇಗ ಕೆಡುತ್ತವೆ.

ಪಿಎಚ್ ಕಿಟ್‌ನ ತತ್ತ್ವ ನಮ್ಮ ಮನೆಗಳಿಗೆ ಹೊಸದೇನಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆರತಿಯ ತಟ್ಟೆ ಕೆಂಪಾಗುತ್ತದೆಯಲ್ಲ, ಪ್ರನಾಳದಲ್ಲಿ ನಡೆಯುವುದೂ ಅದೇ ಬಗೆಯ ಕ್ರಿಯೆ. ಇಲ್ಲಿ ಅರಿಶಿನದ ಬದಲು ಬ್ರೊಮೊಥೈಮಾಲ್ ಬ್ಲೂ ಎಂಬ ಸೂಚಕ ಇರುತ್ತದೆ. ಅದು ಪಿಎಚ್ 6ರಲ್ಲಿ ಹಳದಿಯಾಗಿದ್ದು, 7.6ರ ಹೊತ್ತಿಗೆ ಪೂರ್ತಿ ನೀಲಿಯಾಗುತ್ತದೆ. ಅಲ್ಲಿಂದ ಮುಂದೆ 8.4 ಇದ್ದರೂ ಅದೇ ನೀಲಿ. ಆದ್ದರಿಂದ ಗಡಸು ನೀರಿನವರು ಹೆಚ್ಚಿನ ಪಿಎಚ್ ಅಳೆಯುವ ಇನ್ನೊಂದು ಬಾಟಲಿಯನ್ನೂ ಇಟ್ಟುಕೊಳ್ಳಬೇಕು. ಆಗತಾನೇ ಮೇಲೆತ್ತಿದ ಕೊಳವೆಬಾವಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ, ಬಕೆಟ್‌ನಲ್ಲಿ ಒಂದು ದಿನ ಬಿಟ್ಟು ಅಳೆದಾಗಲೇ ನಿಜವಾದ ಅಂಕಿ ಸಿಗುತ್ತದೆ.

ಇನ್ನು ನೈಟ್ರೇಟ್ ಕಿಟ್. ಅತ್ಯಂತ ಸೊಗಸಾದ ರಸಾಯನ ವಿಜ್ಞಾನ ಇರುವುದೂ, ಜನ ಅತಿ ಹೆಚ್ಚು ತಪ್ಪು ಮಾಡುವುದೂ ಇದರಲ್ಲಿಯೇ. ಜರ್ಮನಿಯಲ್ಲಿ ಹುಟ್ಟಿ, ಮುಂದೆ ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ತಯಾರಿಕಾ ಘಟಕವೊಂದರಲ್ಲಿ ರಸಾಯನ ವಿಜ್ಞಾನಿಯಾದ ಪೀಟರ್ ಗ್ರೀಸ್, 1858ರಲ್ಲಿ ಡೈಆಜೋ ಸಂಯುಕ್ತಗಳನ್ನು (ಎರಡು ನೈಟ್ರೋಜನ್ ಪರಮಾಣುಗಳ ಜೋಡಿಯಿರುವಂಥವು) ಕಂಡುಹಿಡಿದರು. ಬಟ್ಟೆಗೆ ಹಾಕುವ ಆಜೋ ಬಣ್ಣಗಳ ಇಡೀ ಉದ್ಯಮ ನಿಂತದ್ದು ಅದರ ಮೇಲೆ. 1879ರಲ್ಲಿ ಅವರು ಅದೇ ಕ್ರಿಯೆಯನ್ನು ನೈಟ್ರೈಟ್ ಪತ್ತೆಗೆ ತಿರುಗಿಸಿದರು. ಆಮ್ಲದಲ್ಲಿ ನೈಟ್ರೈಟ್ ಒಂದು ಅಮೈನಿನೊಂದಿಗೆ (ನೈಟ್ರೋಜನ್ ಇರುವ ಸಾವಯವ ವಸ್ತುವಿನೊಂದಿಗೆ) ಸೇರಿ ಡೈಆಜೋ ಸಂಯುಕ್ತವಾಗುತ್ತದೆ, ಅದು ಇನ್ನೊಂದು ಅಣುವನ್ನು ಕೂಡಿಕೊಂಡು ಗುಲಾಬಿ ಬಣ್ಣವಾಗುತ್ತದೆ. ಅಂದರೆ ಪ್ರನಾಳದಲ್ಲಿ ನಾವು, ಮೀನಿನ ತ್ಯಾಜ್ಯವನ್ನೇ ಕಚ್ಚಾವಸ್ತುವಾಗಿಸಿಕೊಂಡು, ಬಣ್ಣವೊಂದನ್ನು ತಯಾರಿಸುತ್ತಿದ್ದೇವೆ. ನೈಟ್ರೈಟ್ ಹೆಚ್ಚಿದ್ದಷ್ಟೂ ಬಣ್ಣ ಗಾಢ.

ನೈಟ್ರೇಟ್ ಮಾತ್ರ ಈ ಕ್ರಿಯೆಗೆ ಸಿಗುವುದಿಲ್ಲ. ಮೊದಲು ಅದರಿಂದ ಒಂದು ಆಕ್ಸಿಜನ್ ಕಿತ್ತು ನೈಟ್ರೈಟ್ ಆಗಿಸಬೇಕು. ಬಹಳಷ್ಟು ಕಿಟ್‌ಗಳಲ್ಲಿ ಆ ಕೆಲಸ ಮಾಡುವುದು ಸತುವಿನ ನುಣ್ಣನೆಯ ಪುಡಿ. ಸತು ದ್ರವದಲ್ಲಿ ಕರಗದೆ ಬಾಟಲಿಯ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಾಟಲಿಯನ್ನು ಮೇಜಿಗೆ ಮೆಲ್ಲನೆ ಕುಟ್ಟಿ, ಅರ್ಧ ನಿಮಿಷ ಜೋರಾಗಿ ಅಲುಗಾಡಿಸಿ, ಹನಿ ಹಾಕಿದ ಮೇಲೆ ಪ್ರನಾಳವನ್ನೂ ಮತ್ತೊಂದು ನಿಮಿಷ ಕುಲುಕಬೇಕೆಂದು ಸೂಚನೆಯಲ್ಲಿ ಬರೆದಿರುವುದು ಇದಕ್ಕಾಗಿ. ಅಷ್ಟು ಮಾಡದಿದ್ದರೆ ಸತು ಹೊರಬರುವುದೇ ಇಲ್ಲ, ನೈಟ್ರೇಟ್ ತುಂಬಿದ ನೀರೂ ಹಳದಿಯಾಗಿಯೇ ಉಳಿದು ಶೂನ್ಯವೆಂದು ತೋರಿಸುತ್ತದೆ. ತೊಟ್ಟಿಯಲ್ಲಿ ಮೊದಲೇ ಇರುವ ನೈಟ್ರೈಟನ್ನೂ ಈ ಪರೀಕ್ಷೆ ನೈಟ್ರೇಟಿನ ಲೆಕ್ಕಕ್ಕೇ ಸೇರಿಸುವುದರಿಂದ, ಹೊಸ ತೊಟ್ಟಿಯಲ್ಲಿ ಎರಡನ್ನೂ ಒಟ್ಟಿಗೇ ಅಳೆಯಬೇಕು.

ಕಾರ್ಬೊನೇಟ್ ಗಡಸುತನವನ್ನು, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಕ್ಷಾರೀಯತೆಯನ್ನು, ಅಳೆಯುವ ಕೆಎಚ್ ಕಿಟ್‌ನಲ್ಲಿ ಬಣ್ಣ ಹೋಲಿಸುವ ಕಷ್ಟವಿಲ್ಲ, ನೀಲಿ ಹಳದಿಯಾಗುವವರೆಗೆ ಹನಿ ಎಣಿಸಿದರಾಯಿತು. 5 ಮಿಲಿಲೀಟರ್ ನೀರಿಗೆ ಬೀಳುವ ಪ್ರತಿ ಹನಿ, ಸಾಮಾನ್ಯ ಕಿಟ್‌ಗಳಲ್ಲಿ, ಲೀಟರಿಗೆ 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. ಅಮೋನಿಯವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಪ್ರತಿ ಮಿಲಿಗ್ರಾಂ ನೈಟ್ರೋಜನ್‌ಗೆ ಸುಮಾರು 7 ಮಿಲಿಗ್ರಾಂನಷ್ಟು ಈ ಕ್ಷಾರೀಯತೆಯನ್ನು ತಿಂದುಹಾಕುತ್ತವೆ. ಮಲೆನಾಡಿನ ಮೆದುನೀರಿನ ಹಳೆಯ ತೊಟ್ಟಿಗಳಲ್ಲಿ ಪಿಎಚ್ ಏಕಾಏಕಿ ಕುಸಿಯುವುದನ್ನು ಈ ಹನಿಗಳು ಮುಂಚಿತವಾಗಿಯೇ ಹೇಳಬಲ್ಲವು.

ಬಣ್ಣವನ್ನು ಹಗಲಿನ ಬೆಳಕಿನಲ್ಲಿ, ಬಿಳಿ ಹಾಳೆಯ ಮುಂದೆ ನೋಡಬೇಕು. ಹೇಳಿದ ಸಮಯ ಮೀರಿ ಬಿಟ್ಟ ಪ್ರನಾಳವನ್ನು ನಂಬಬಾರದು. ಕಿಟ್ ಹಳೆಯದಾಗಿದೆಯೇ ಎಂಬ ಅನುಮಾನವಿದ್ದರೆ ಪ್ರಯೋಗಾಲಯ ದರ್ಜೆಯ ಅಮೋನಿಯಂ ಕ್ಲೋರೈಡ್, ಅಂದರೆ ಕಲಾಯಿಯವರು ಬಳಸುವ ನವಸಾಗರವೇ, ಅದರ 1 ಗ್ರಾಂ ಪುಡಿಯನ್ನು 1 ಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, ಆ ದ್ರಾವಣದ 3 ಮಿಲಿಲೀಟರನ್ನು ಇನ್ನೊಂದು ಲೀಟರಿಗೆ ಸೇರಿಸಿದರೆ ಲೀಟರಿಗೆ ಸುಮಾರು 1 ಮಿಲಿಗ್ರಾಂ ಅಮೋನಿಯವಿರುವ ನೀರು ಸಿದ್ಧವಾಗುತ್ತದೆ. ಕಿಟ್ ಅದನ್ನು 1 ಎಂದು ತೋರಿಸಬೇಕು, ಬರಿಯ ಡಿಸ್ಟಿಲ್ಡ್ ವಾಟರನ್ನು 0 ಎಂದು ತೋರಿಸಬೇಕು.

ಎಷ್ಟು ನೀರು ಬದಲಿಸಿದರೂ ನೈಟ್ರೇಟ್ ಇಳಿಯದಿದ್ದರೆ, ತೊಟ್ಟಿಯನ್ನು ಬಿಟ್ಟು ನಲ್ಲಿಯ ನೀರನ್ನೇ ಪರೀಕ್ಷಿಸಬೇಕು. ಗೊಬ್ಬರ ಮತ್ತು ಶೌಚಗುಂಡಿಗಳಿಂದ ನಮ್ಮ ಎಷ್ಟೋ ಕೊಳವೆಬಾವಿಗಳಿಗೆ ನೈಟ್ರೇಟ್ ಇಳಿದಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರುವಂತಿಲ್ಲ. ನೈಟ್ರೈಟ್ ಮೀನಿನ ರಕ್ತವನ್ನು ಆಕ್ಸಿಜನ್ ಹೊರಲಾಗದ ಕಂದು ರಕ್ತವಾಗಿಸುವ ಹಾಗೆಯೇ, ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಹಸುಗೂಸಿನ ರಕ್ತಕ್ಕೂ ಅದೇ ಗತಿಯಾಗಬಹುದು. ಮೀನಿನ ಕಿಟ್ ಕುಡಿಯುವ ನೀರಿನ ಅಂತಿಮ ಪರೀಕ್ಷೆಯಲ್ಲ, ಆದರೆ ಅದರಲ್ಲಿ ನಲ್ಲಿಯ ನೀರು ಕಡುಗೆಂಪಾದರೆ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಅಷ್ಟೇ ಕಾರಣ ಸಾಕು. ಫಲಿತಾಂಶ ಬರುವವರೆಗೆ ಆ ನೀರನ್ನು ಕುದಿಸಿ ಕುಡಿಸುವುದರಿಂದಲೂ ಪ್ರಯೋಜನವಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿದುಕೊಂಡು ಇನ್ನಷ್ಟು ಸಾಂದ್ರವಾಗುತ್ತದೆ.