ನೈಟ್ರೋ ಎಂಜಿನ್ ಕಾದ್ರೆ ಮೊದಲು ಸೂಜಿ ನೋಡಿ

ಆರ್‌ಸಿ ಕಾರಿಗೆ (ರಿಮೋಟಲ್ಲಿ ಓಡಿಸೋ ಪುಟ್ಟ ಕಾರು) ನೈಟ್ರೋ ಎಂಜಿನ್, ಅಂದ್ರೆ ನೈಟ್ರೋಮೀಥೇನ್ ಬೆರೆಸಿದ ಮೆಥನಾಲ್ ಇಂಧನದಲ್ಲಿ ಓಡೋ ಪುಟ್ಟ ಎಂಜಿನ್, ತಗೊಳ್ಳೋರೆಲ್ಲ ಮೊದಲು ಕೇಳೋದು ಎಷ್ಟು ದೊಡ್ಡದು ಹಾಕ್ಬಹುದು ಅಂತ. ಕಾರಿನ ಅಳತೆಗೆ ಹೊಂದೋದನ್ನೇ ಹಾಕಿ ಅಂತೀನಿ ನಾನು. 1:10 (ನಿಜವಾದ ಕಾರಿನ ಹತ್ತನೇ ಒಂದು ಅಳತೆಯ) ರೋಡ್ ಕಾರಿಗೆ 12 ಸೈಜ್, ಅಂದ್ರೆ ಸುಮಾರು 2.1 ಸಿಸಿ, 1:8 ಬಗ್ಗಿಗೆ (ಮಣ್ಣಲ್ಲಿ ಓಡಿಸೋ ಕಾರು) 21 ಸೈಜ್, 3.5 ಸಿಸಿ. ಚಿಕ್ಕ ಚಾಸಿಗೆ ದೊಡ್ಡದನ್ನ ತುರುಕಿದ್ರೆ ಕ್ಲಚ್, ಗೇರ್ ಸವೆಯೋದಲ್ದೆ ಎಂಜಿನ್ ಸುತ್ತ ಗಾಳಿ ಆಡೋಕೂ ಜಾಗ ಉಳಿಯಲ್ಲ.

ಆದ್ರೆ ಬಿಸಿ ಅಂದ್ರೇನೇ ಹೆದರಬೇಡಿ, ಈ ಎಂಜಿನ್ನಿಗೆ ಬಿಸಿ ಬೇಕೇ ಬೇಕು. ಇದ್ರಲ್ಲಿ ಸ್ಪಾರ್ಕ್ ಇಲ್ಲ, ಗ್ಲೋ ಪ್ಲಗ್ಗಿನ ಪ್ಲಾಟಿನಂ ಸುರುಳಿಯನ್ನ ಶುರುವಲ್ಲಿ ಬ್ಯಾಟರಿಯಿಂದ ಕಾಯಿಸ್ತೀವಿ, ಆಮೇಲೆ ಮೆಥನಾಲ್ ಆವಿ ಪ್ಲಾಟಿನಂ ಮೇಲೆ ನಡೆಸೋ ರಾಸಾಯನಿಕ ಕ್ರಿಯೆ, ಒತ್ತಡದ ಬಿಸಿ, ಉರಿಯೋ ಬಿಸಿ ಎಲ್ಲ ಸೇರಿ ಅದು ತಾನೇ ಕೆಂಪಗಿರತ್ತೆ. ಇನ್ನು ಒಳಗಿನ ಹಿತ್ತಾಳೆ ಸ್ಲೀವ್ (ಪಿಸ್ಟನ್ ಓಡಾಡೋ ಕೊಳವೆ) ಮೇಲ್ತುದಿಯಲ್ಲಿ ಬೇಕಂತಲೇ ಕಿರಿದಾಗಿರತ್ತೆ, ತಣ್ಣಗಿದ್ದಾಗ ಪಿಸ್ಟನ್ ಅಲ್ಲಿ ಬಿಗಿಯಾಗಿ ಹಿಡಿಯತ್ತೆ, ಕಾದು ಹಿಗ್ಗಿದಾಗ್ಲೇ ಸರಿಯಾಗಿ ಕೂರೋದು. ಎಂಜಿನ್ನಿನ ಮೇಲ್ಭಾಗದ ಹೆಡ್ ಹತ್ರ ಸುಮಾರು 100 ರಿಂದ 120 ಡಿಗ್ರಿ ಸೆಲ್ಸಿಯಸ್ ಇದ್ರೆ ಒಳ್ಳೇದು.

ಈಗ ತಂಪಿನ ವಿಷಯ. ಎಲ್ರೂ ಅಲ್ಯೂಮಿನಿಯಂ ಹೆಡ್ಡಿನ ರೆಕ್ಕೆಗಳನ್ನೇ ನೋಡ್ತಾರೆ, ಆದ್ರೆ ದೊಡ್ಡ ಕೆಲಸ ಮಾಡೋದು ಇಂಧನ. ಸ್ಯಾನಿಟೈಜರ್ ಕೈಗೆ ಹಾಕ್ಕೊಂಡ್ರೆ ತಣ್ಣಗಾಗತ್ತಲ್ಲ, ಅದೇ ತರ. ಒಂದು ಕೆಜಿ ಮೆಥನಾಲ್ ಆವಿಯಾಗೋಕೆ ಸುಮಾರು 1100 ಕಿಲೋಜೂಲ್ ಶಾಖ ಹೀರತ್ತೆ, ಪೆಟ್ರೋಲಿನ ಮೂರು ಪಟ್ಟು. ಅಷ್ಟೇ ಅಲ್ಲ, ಒಂದು ಕೆಜಿ ಪೆಟ್ರೋಲ್ ಉರಿಯೋಕೆ 14.7 ಕೆಜಿ ಗಾಳಿ ಬೇಕಾದ್ರೆ ಮೆಥನಾಲಿಗೆ ಬರೀ 6.4 ಕೆಜಿ ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಇಂಧನ ಒಳಗೆ ಹೋಗತ್ತೆ. ಅದ್ರಲ್ಲಿ ಬೆರೆಸಿರೋ ಎಣ್ಣೆನೂ (ಎಷ್ಟೋ ಇಂಧನಗಳಲ್ಲಿ ನಮ್ಮ ಹರಳೆಣ್ಣೆನೇ!) ಸೈಲೆನ್ಸರ್ ಮೂಲಕ ಶಾಖ ಹೊತ್ಕೊಂಡು ಹೊರಗೆ ಹೋಗತ್ತೆ.

ಹಾಗಾಗಿ ಕಾರ್ಬುರೇಟರ್ ಸೂಜಿ, ಅಂದ್ರೆ ಎಂಜಿನ್ನಿಗೆ ಎಷ್ಟು ಇಂಧನ ಹೋಗ್ಬೇಕು ಅಂತ ಹೊಂದಿಸೋ ತಿರುಪು, ಬಿಗಿ ಮಾಡಿದ್ರೆ ಇಂಧನ, ಎಣ್ಣೆ, ತಂಪು ಮೂರೂ ಒಟ್ಟಿಗೆ ಕಮ್ಮಿ ಆಗತ್ತೆ. ಮೋಸ ಇರೋದೆಲ್ಲಿ ಅಂದ್ರೆ ಸ್ವಲ್ಪ ಹೊತ್ತು ಕಾರು ಇನ್ನೂ ಜೋರಾಗಿ ಓಡತ್ತೆ. ನನ್ನ ಮೊದಲನೇ ಎಂಜಿನ್ ಹೋಗಿದ್ದೇ ಹೀಗೆ, ಸೂಜಿ ಕಾಲು ಸುತ್ತು ಬಿಗಿ ಮಾಡಿದೆ, ಕಿರುಚ್ಕೊಂಡು ಓಡ್ತು, ಎರಡು ಟ್ಯಾಂಕ್ ಮುಗಿಯೋದ್ರೊಳಗೆ ಕಂಪ್ರೆಷನ್ನೇ ಇಲ್ಲ. ತುಂಬಾ ಬೇಜಾರಾಯ್ತು. ಈಗ ಹಿಂದೆ ಬಿಳೀ ಹೊಗೆಯ ಎಳೆ ಕಾಣದೆ ಇದ್ರೆ ತಕ್ಷಣ ನಿಲ್ಲಿಸ್ತೀನಿ.

ಊರು ಬದಲಾದ್ರೂ ಹುಷಾರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿ ಸರಿಯಾಗಿ ಕೂರಿಸಿದ ಸೂಜಿ ಮಂಗಳೂರಿಗೆ ಹೋದ್ರೆ ದಟ್ಟ ಗಾಳಿಗೆ ಇಂಧನ ಸಾಲದೆ ಎಂಜಿನ್ ಕಾಯೋಕೆ ಶುರುವಾಗತ್ತೆ, ಅಲ್ಲಿ ಮೊದಲು ಸ್ವಲ್ಪ ಸಡಿಲ ಮಾಡ್ಕೊಳ್ಳಿ.

ಬಾಡಿ ವಿಷಯಕ್ಕೆ ಬಂದ್ರೆ, ಗಾಳಿ ಒಳಗೆ ಬರ್ಲಿ ಅಂತ ಮುಂದಿನ ಗಾಜು ಕತ್ತರಿಸ್ತಾರೆ, ಹಿಂದೆ ಬಿಸಿಗಾಳಿ ಹೋಗೋ ದಾರಿ ಮರೀತಾರೆ. ಎರಡೂ ಬೇಕು. ಟೆಂಪರೇಚರ್ ಗನ್ ಇಲ್ದಿದ್ರೆ ಹೆಡ್ ಮೇಲೆ ಒಂದು ಹನಿ ನೀರು ಹಾಕಿ, ಮೂರ್ನಾಕು ಸೆಕೆಂಡಲ್ಲಿ ಆರಿದ್ರೆ ಪರವಾಗಿಲ್ಲ, ಚುಂಯ್ ಅಂತ ಹಾರಿಹೋದ್ರೆ ಜಾಸ್ತಿ ಕಾದಿದೆ. ಆಟ ಮುಗಿದ್ಮೇಲೆ ಬಿಸಿ ಇರೋವಾಗ್ಲೇ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗಿಳಿಸಿ ಇಡಿ, ಇಲ್ಲಾಂದ್ರೆ ಸ್ಲೀವ್ ತಣ್ಣಗಾಗ್ತಾ ಅದನ್ನ ಮೇಲೇ ಕಚ್ಕೊಂಡ್ಬಿಡತ್ತೆ.