ಶಾಲೆಯಲ್ಲಿ ಮಗುವಿನ ಔಷಧಿ: ಯಾವುದಕ್ಕೆ ಬೀಗ, ಯಾವುದಕ್ಕೆ ಬೇಡ

ಮಧ್ಯಾಹ್ನದ ಔಷಧಿಯನ್ನು ಶಾಲೆಯಲ್ಲಿ ಯಾರ ಕೈಗೆ ಕೊಡಬೇಕೆಂದು ಪೋಷಕರು ಕೇಳಿದಾಗ ನಾನು ಮೊದಲು ಔಷಧಿ ಚೀಟಿಯನ್ನೇ ಮತ್ತೊಮ್ಮೆ ನೋಡುತ್ತೇನೆ. ಆ ಡೋಸ್ ಶಾಲೆಯಲ್ಲೇ ಆಗಬೇಕೇ? ದಿನಕ್ಕೆ ಮೂರು ಬಾರಿಯ ಎಷ್ಟೋ ಆಂಟಿಬಯಾಟಿಕ್‌ಗಳನ್ನು ಬೆಳಿಗ್ಗೆ ಹೊರಡುವ ಮುನ್ನ, ಶಾಲೆಯಿಂದ ಬಂದ ಕೂಡಲೇ, ಮಲಗುವ ಹೊತ್ತಿಗೆ ಎಂದು ಹೊಂದಿಸಬಹುದು. ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ಕೊಡುವ ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಬೆಳಿಗ್ಗೆ ಒಮ್ಮೆ ಕೊಟ್ಟರೆ ಹಲವು ಮಕ್ಕಳಿಗೆ ಶಾಲೆಯ ಹೊತ್ತು ಅದರಲ್ಲೇ ಕಳೆಯುತ್ತದೆ. ಆದರೆ ಅಂಥ ಮಾತ್ರೆಯನ್ನು ಪುಡಿ ಮಾಡಬಾರದು. ದಿನವಿಡೀ ಹಂಚಿಹೋಗಬೇಕಾದದ್ದು ಒಮ್ಮೆಲೇ ಒಳಗೆ ಹೋಗುತ್ತದೆ. ವೇಳೆ ಬದಲಿಸುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ.

ಊಟದ ಹೊತ್ತಿನ ಇನ್ಸುಲಿನ್‌ನಂಥದ್ದನ್ನು ಹೀಗೆ ತಪ್ಪಿಸಲಾಗದು. ಅಲ್ಲಿ ಶಾಲೆಗೆ ಕೊಡುವ ಪತ್ರವೇ ಮುಖ್ಯ. ಆ ಪತ್ರವನ್ನು ತರಗತಿಯ ಶಿಕ್ಷಕಿಗಾಗಿ ಬರೆಯಬೇಡಿ. ಅವರು ರಜೆ ಹಾಕಿದ ದಿನ ಬರುವ, ನಿಮ್ಮ ಮಗುವಿನ ಮುಖವನ್ನೇ ನೋಡಿರದವರಿಗಾಗಿ ಬರೆಯಿರಿ. ‘ಜ್ವರ ಬಂದರೆ ಒಂದು ಚಮಚ ಕೊಡಿ’ ಎಂದರೆ ಅವರು ಏನು ಮಾಡಬೇಕು? ಪ್ಯಾರಾಸಿಟಮಾಲ್ ಸಿರಪ್ಪೇ 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವುದೂ ಉಂಟು, 250 ಮಿ.ಗ್ರಾಂ. ಇರುವುದೂ ಉಂಟು. ಬಾಟಲಿ ಬದಲಾದರೆ ಅದೇ ಚಮಚದಲ್ಲಿ ಎರಡು ಪಟ್ಟು ಔಷಧಿ ಹೋಗುತ್ತದೆ. ಆದ್ದರಿಂದ ಮಗುವಿನ ಹೆಸರು, ಔಷಧಿಯ ಹೆಸರು, 5 ಮಿ.ಲೀ.ಯಲ್ಲಿ ಎಷ್ಟು ಮಿ.ಗ್ರಾಂ. ಇದೆ, ಕೊಡಬೇಕಾದದ್ದು ಎಷ್ಟು ಮಿ.ಲೀ., ಎಷ್ಟು ಗಂಟೆಗೆ, ಊಟಕ್ಕೆ ಮುಂಚೆಯೋ ನಂತರವೋ, ಎಲ್ಲವನ್ನೂ ಬರೆಯಿರಿ. ಅಳತೆಯ ಸಿರಿಂಜನ್ನೂ ಜೊತೆಗಿಡಿ. ಔಷಧಿ ಅದರದೇ ಡಬ್ಬಿಯಲ್ಲಿರಲಿ, ಕಾಗದದ ಪೊಟ್ಟಣದಲ್ಲಿ ಬೇಡ. ಮಗುವಿನ ತೂಕ ಏರಿದಂತೆ ಡೋಸ್ ಬದಲಾಗುವುದುಂಟು. ಆಗ ಹಳೆಯ ಪತ್ರವನ್ನು ವಾಪಸ್ ಪಡೆದು ಹೊಸದನ್ನು ಕೊಡಿ.

ಶಾಲೆಗಳೊಂದಿಗೆ ನಾನು ಪಟ್ಟು ಹಿಡಿದು ವಾದಿಸುವುದು ಬೀಗದ ವಿಷಯದಲ್ಲಿ. ದಿನನಿತ್ಯದ ಮಾತ್ರೆಗಳು ಬೀಗದೊಳಗಿರಬೇಕು, ಸರಿ. ಆದರೆ ಆಸ್ತಮಾ ಇರುವ ಮಗುವಿನ ಸಾಲ್ಬುಟಮಾಲ್ ಇನ್ಹೇಲರ್, ತೀವ್ರ ಅಲರ್ಜಿಯ ಮಗುವಿನ ಅಡ್ರಿನಲಿನ್ ಪೆನ್ (ತುರ್ತು ಚುಚ್ಚುಮದ್ದು) ಕಚೇರಿಯ ಬೀರುವಿನಲ್ಲಿ ಕುಳಿತರೆ ಪ್ರಯೋಜನವಿಲ್ಲ. ಉಸಿರು ಕಟ್ಟಿರುವಾಗ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕಲು ಸಮಯವಿರುವುದಿಲ್ಲ. ಇವು ಮಗು ಇರುವ ಕಡೆಯೇ ಇರಬೇಕು, ಆಟದ ಮೈದಾನದಲ್ಲೂ. ಬಳಸಲು ಚೆನ್ನಾಗಿ ಕಲಿತ ದೊಡ್ಡ ಮಕ್ಕಳು ಇನ್ಹೇಲರನ್ನು ತಾವೇ ಇಟ್ಟುಕೊಳ್ಳಲಿ. ಮಧುಮೇಹದ ಮಗುವಿನ ಗ್ಲೂಕೋಸ್ ಕೂಡ ಹೀಗೆಯೇ. ರಕ್ತದ ಸಕ್ಕರೆ 70 ಮಿ.ಗ್ರಾಂ./ಡೆ.ಲೀ.ಗಿಂತ ಕೆಳಗಿಳಿದು ಮಗು ನಡುಗುತ್ತಿದ್ದರೆ ಕುಳಿತಲ್ಲಿಯೇ ಕೊಡಬೇಕು. ಒಂಟಿಯಾಗಿ ಕಚೇರಿಗೆ ಕಳುಹಿಸಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತುರ್ತು ನೆರವು ಕರೆಯಬೇಕು.

ಕೊಟ್ಟ ಕೂಡಲೇ ಪುಸ್ತಕದಲ್ಲಿ ವೇಳೆ ಬರೆದು ಸಹಿ ಹಾಕುವುದು ಅನಗತ್ಯ ಕಾಗದಪತ್ರವಲ್ಲ. ಒಬ್ಬರು ಕೊಟ್ಟದ್ದು ತಿಳಿಯದೆ ಇನ್ನೊಬ್ಬರು ಮತ್ತೆ ಕೊಡದಂತೆ ತಡೆಯುವುದು ಅದೇ. ಡೋಸ್ ತಪ್ಪಿಹೋದರೆ ಮನೆಗೆ ತಿಳಿಸಿ. ಮುಂದಿನ ಸಲ ಎರಡನ್ನೂ ಸೇರಿಸಿ ಕೊಡುವುದು ಬೇಡ.

ಇನ್ನು ಮಗುವಿನ ಮಾನದ ಮಾತು. ತರಗತಿಯ ಮುಂದೆ ‘ನಿನ್ನ ಮಾತ್ರೆ ಆಯಿತಾ?’ ಎಂದು ಕೂಗಿ ಕೇಳಿಸಿಕೊಂಡ ಹನ್ನೆರಡರ ಹುಡುಗಿ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಉಗುಳಲು ಕಲಿಯುತ್ತಾಳೆ. ಫಿಟ್ಸ್ ಬರುವ ಮಗುವಿನಲ್ಲಿ ಇದು ಅಪಾಯಕಾರಿ. ಊಟದ ಬಿಡುವಿನಲ್ಲಿ ಯಾರ ಬಳಿ, ಯಾವ ಕೋಣೆಗೆ ಹೋಗಬೇಕೆಂಬುದನ್ನು ಆಕೆಯನ್ನೇ ಕೇಳಿ ಗೊತ್ತುಮಾಡಿ.